ಓದು ಮುಗಿಸುವ ಹೊತ್ತಿಗೆ ನನಗೊಂದು ಕೆಲಸ ಉಳಿದಿರುತ್ತದೆಯೇ?

ಪ್ರಶ್ನೆ: ಬರವಣಿಗೆ, ಲೆಕ್ಕಪತ್ರ, ಕೋಡಿಂಗ್ ಎಲ್ಲವನ್ನೂ ಈಗ ಕೃತಕ ಬುದ್ಧಿಮತ್ತೆಯೇ (ಎಐ) ಮಾಡುತ್ತಿದೆ. ನಾನಿನ್ನೂ ಪದವಿ ಓದುತ್ತಿದ್ದೇನೆ. ಓದು ಮುಗಿಸಿ ಹೊರಬರುವ ಹೊತ್ತಿಗೆ ನನ್ನಂಥವರಿಗೆ ಕೆಲಸ ಉಳಿದಿರುತ್ತದೆಯೇ?

ಉತ್ತರ: ಉಳಿದಿರುತ್ತದೆ. ಆದರೆ ‘ಹೆದರಬೇಡಿ, ಎಲ್ಲ ಸರಿಹೋಗುತ್ತದೆ’ ಎಂದಷ್ಟೇ ಹೇಳಿ ನಿಮ್ಮನ್ನು ಸಾಗಹಾಕುವುದು ನ್ಯಾಯವಲ್ಲ. ಈ ಬದಲಾವಣೆಯ ಮೊದಲ ಪೆಟ್ಟು ಹೊಸದಾಗಿ ಕೆಲಸಕ್ಕೆ ಸೇರುವವರ ಮೇಲೆಯೇ ಬೀಳುತ್ತಿರುವ ಲಕ್ಷಣಗಳಿವೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಭಯ ಹುಟ್ಟಿಸುವ ಅಂಕಿಗಳ ವಿಚಾರ. 2013ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಮೆರಿಕದ 702 ಬಗೆಯ ಉದ್ಯೋಗಗಳನ್ನು ಪರಿಶೀಲಿಸಿ, ಅಲ್ಲಿನ ಶೇ 47ರಷ್ಟು ಉದ್ಯೋಗಗಳು ಕಂಪ್ಯೂಟರಿನ ಪಾಲಾಗುವ ಅಪಾಯ ಹೆಚ್ಚು ಎಂದರು. ಮೂರು ವರ್ಷಗಳ ನಂತರ, ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಪ್ರಕಟಿಸಿದ ಇನ್ನೊಂದು ಅಧ್ಯಯನ, 21 ದೇಶಗಳಲ್ಲಿ ಆ ಪ್ರಮಾಣ ಸರಾಸರಿ ಶೇ 9 ಎಂದಿತು. ಅಂತರಕ್ಕೆ ಕಾರಣ ಎಣಿಸಿದ ಬಗೆ. ಮೊದಲನೆಯವರು ಉದ್ಯೋಗವನ್ನು ಇಡಿಯಾಗಿ ತೂಗಿದರು. ಎರಡನೆಯವರು ಅದನ್ನು ಬಿಡಿಸಿ, ಒಬ್ಬೊಬ್ಬ ಉದ್ಯೋಗಿ ದಿನವಿಡೀ ಏನೇನು ಮಾಡುತ್ತಾರೆ ಎಂದು ನೋಡಿದರು. ಹಾಗೆ ನೋಡಿದಾಗ ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸದ ಪಕ್ಕದಲ್ಲೇ ಒಪ್ಪಿಸಲಾಗದ ನಾಲ್ಕು ಕೆಲಸಗಳು ಸಿಗುತ್ತವೆ.

ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ನೋಡಿ ರೋಗ ಗುರುತಿಸುವ ವೈದ್ಯಕೀಯ ವಿಭಾಗವಾದ ರೇಡಿಯಾಲಜಿ ಇದಕ್ಕೆ ಒಳ್ಳೆಯ ಉದಾಹರಣೆ. ಇನ್ನು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತು ವರ್ಷದಲ್ಲಿ ಕಂಪ್ಯೂಟರ್ ಅವರನ್ನು ಮೀರಿಸುತ್ತದೆ ಎಂದು ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಅವರು ಸಾಮಾನ್ಯರಲ್ಲ, ಈ ತಂತ್ರಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು, 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಸ್ಕ್ಯಾನ್ ಓದುವ ತಂತ್ರಾಂಶಗಳು ಬಂದವು, ಆಸ್ಪತ್ರೆಗಳು ಅವನ್ನು ಬಳಸುತ್ತಲೂ ಇವೆ. ಆದರೆ ರೇಡಿಯಾಲಜಿಸ್ಟ್‌ಗಳ ಕೊರತೆ ಹಲವು ದೇಶಗಳಲ್ಲಿ ಇನ್ನೂ ನೀಗಿಲ್ಲ. ಸ್ಕ್ಯಾನ್ ಓದುವುದು ಅವರ ಕೆಲಸದ ಒಂದು ಭಾಗ ಮಾತ್ರ. ಯಾವ ರೋಗಿಗೆ ಯಾವ ಪರೀಕ್ಷೆ ಸೂಕ್ತ ಎಂದು ತೀರ್ಮಾನಿಸಬೇಕು, ಹಳೆಯ ವರದಿಗಳ ಜೊತೆ ಹೋಲಿಸಬೇಕು, ಚಿಕಿತ್ಸೆ ನೀಡುವ ವೈದ್ಯರೊಂದಿಗೆ ಚರ್ಚಿಸಬೇಕು, ಕೆಲವೊಮ್ಮೆ ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ಮಾದರಿ ತೆಗೆಯಬೇಕು. ಕೊನೆಗೆ ವರದಿಗೆ ಸಹಿ ಹಾಕಿ ಹೊಣೆ ಹೊರಬೇಕು.

ಹಾಗಾದರೆ ಇಡೀ ಉದ್ಯೋಗವೇ ಅಳಿಸಿಹೋದದ್ದು ಇಲ್ಲವೇ? ಇದೆ. 1920ರ ಸುಮಾರಿಗೆ ಅಮೆರಿಕದ ಯುವತಿಯರಲ್ಲಿ ಬಹಳ ಮಂದಿಗೆ ದೂರವಾಣಿ ಆಪರೇಟರ್ ಕೆಲಸವೇ ಬದುಕಿನ ಮೊದಲ ಉದ್ಯೋಗವಾಗಿತ್ತು. ಎತ್ತರದ ಸ್ವಿಚ್‌ಬೋರ್ಡಿನ ಮುಂದೆ ಅವರು ಸಾಲಾಗಿ ಕೂರುತ್ತಿದ್ದರು. ಯಾರಾದರೂ ರಿಸೀವರ್ ಎತ್ತಿದೊಡನೆ ಬೋರ್ಡಿನಲ್ಲಿ ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು. ಆ ದೀಪದ ಜೊತೆಗಿರುವ ತೂತಿಗೆ ತಂತಿ ಸಿಕ್ಕಿಸಿ, ಯಾವ ನಂಬರ್ ಬೇಕೆಂದು ಕೇಳಿ, ಜೋಡಿ ತಂತಿಯನ್ನು ಆ ನಂಬರಿನ ತೂತಿಗೆ ಸಿಕ್ಕಿಸಿ ಗಂಟೆ ಬಾರಿಸಬೇಕು. ಮಾತು ಮುಗಿದ ಸೂಚನೆ ಬಂದರೆ ಎರಡನ್ನೂ ಎಳೆದು ಮುಂದಿನ ದೀಪಕ್ಕೆ ತಿರುಗಬೇಕು. ಕರೆ ಮಾಡುವವರೇ ಡಯಲ್ ತಿರುಗಿಸುವ ವ್ಯವಸ್ಥೆ ಬಂದ ಊರಿನಲ್ಲಿ ಸ್ಥಳೀಯ ಕರೆಗಳಿಗೆ ಈ ಯಾವುದೂ ಬೇಕಾಗಲಿಲ್ಲ. 1940ರ ಹೊತ್ತಿಗೆ ಆ ದೇಶದ ದೂರವಾಣಿ ಜಾಲದ ಅರ್ಧಕ್ಕೂ ಹೆಚ್ಚು ಭಾಗ ಹೀಗೆ ಬದಲಾಗಿತ್ತು.

ಮುಂದೆ ಆ ಮಹಿಳೆಯರು ಏನಾದರು ಎಂಬುದನ್ನು ಅರ್ಥಶಾಸ್ತ್ರಜ್ಞರು ಜನಗಣತಿಯ ದಾಖಲೆಗಳಲ್ಲಿ ಹುಡುಕಿ ನೋಡಿದ್ದಾರೆ. ಕೆಲಸದಲ್ಲಿದ್ದವರಿಗೆ ನಷ್ಟವೇ ಆಯಿತು. ಹತ್ತು ವರ್ಷದ ನಂತರ ಅವರಲ್ಲಿ ಹಲವರು ದುಡಿಮೆಯನ್ನೇ ಬಿಟ್ಟಿದ್ದರು ಅಥವಾ ಕಡಿಮೆ ಸಂಬಳದ ಕೆಲಸದಲ್ಲಿದ್ದರು. ಆದರೆ ಅವರ ನಂತರ ದುಡಿಮೆಗೆ ಬಂದ ಯುವತಿಯರಿಗೆ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ಬೇರೆ ಕೆಲಸ ಸಿಕ್ಕಿತು. ಒಟ್ಟಾರೆ ಅವರ ಉದ್ಯೋಗದ ಪ್ರಮಾಣ ಕುಸಿಯಲಿಲ್ಲ.

ಈಗ ಕಾಣುತ್ತಿರುವುದು ಇದಕ್ಕೆ ತಿರುವುಮುರುವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಅಮೆರಿಕದ ಸಂಬಳ ಪಾವತಿಯ ದಾಖಲೆಗಳನ್ನು ಜಾಲಾಡಿದರು. ಎಐ ಹೆಚ್ಚು ಕೈಹಾಕಬಲ್ಲ ಸಾಫ್ಟ್‌ವೇರ್, ಗ್ರಾಹಕ ಸೇವೆಯಂಥ ಉದ್ಯೋಗಗಳಲ್ಲಿ 2022ರ ಕೊನೆಯಿಂದೀಚೆಗೆ 22ರಿಂದ 25 ವರ್ಷದವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಇಳಿದಿತ್ತು. ಅದೇ ಉದ್ಯೋಗಗಳಲ್ಲಿರುವ ಅನುಭವಿಗಳ ಸಂಖ್ಯೆ ಹಾಗೇ ಇತ್ತು ಅಥವಾ ಬೆಳೆದಿತ್ತು. ಬಡ್ಡಿದರ ಏರಿದ್ದು, ಕೋವಿಡ್ ಕಾಲದಲ್ಲಿ ಕಂಪನಿಗಳು ಮಿತಿಮೀರಿ ನೇಮಕ ಮಾಡಿಕೊಂಡಿದ್ದು ಕೂಡ ಕಾರಣ ಎನ್ನುವವರಿದ್ದಾರೆ, ಆ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದು ದೇಶದ ಕೆಲವೇ ವರ್ಷಗಳ ಲೆಕ್ಕವಿದು ಎಂಬುದೂ ನೆನಪಿರಲಿ. ಆದರೂ ನನಗೆ ಇದು ಗಂಭೀರ ಸೂಚನೆಯಾಗಿಯೇ ಕಾಣುತ್ತದೆ.

ಏಕೆಂದರೆ ಹೊಸಬರಿಗೆ ಕೊಡುವ ಕೆಲಸದ ಸ್ವರೂಪವೇ ಹಾಗಿದೆ. ವಕೀಲರ ಕಚೇರಿಗೆ ಸೇರಿದ ಕಿರಿಯರಿಗೆ ಮೊದಲು ಸಿಗುವುದು ಕರಾರುಪತ್ರಗಳ ಕಟ್ಟು. ಅವನ್ನು ಓದಿ ಸಾರಾಂಶ ಬರೆಯಬೇಕು. ಹಿರಿಯರು ಅದರ ಮೇಲೆ ಕೆಂಪು ಗೆರೆ ಎಳೆದು, ಈ ಷರತ್ತು ನಿನ್ನ ಕಣ್ಣಿಗೆ ಏಕೆ ಬೀಳಲಿಲ್ಲ ಎಂದು ಕೇಳುತ್ತಾರೆ. ಸಾರಾಂಶವನ್ನು ಇಂದು ಎಐ ಕ್ಷಣದಲ್ಲಿ ಕೊಡುತ್ತದೆ. ಆದರೆ ಆ ಕೆಂಪು ಗೆರೆಗಳಿಂದಲೇ ಒಬ್ಬ ವಕೀಲ ತಯಾರಾಗುತ್ತಿದ್ದದ್ದು. ಲೆಕ್ಕಪತ್ರ, ಕೋಡಿಂಗ್, ಸುದ್ದಿಮನೆ ಎಲ್ಲ ಕಡೆಯೂ ಇದೇ ಕಥೆ. ಹೊಸಬರನ್ನು ಸೇರಿಸಿಕೊಳ್ಳದೆ ಇಂದು ಸಂಬಳ ಉಳಿಸುವ ಸಂಸ್ಥೆಗೆ ಹದಿನೈದು ವರ್ಷದ ನಂತರ ನುರಿತ ಹಿರಿಯರು ಎಲ್ಲಿಂದ ಸಿಗುತ್ತಾರೆ? ಈ ಪ್ರಶ್ನೆಯನ್ನು ಸಂಸ್ಥೆಗಳು ಇನ್ನೂ ಸಾಕಷ್ಟು ಕೇಳಿಕೊಂಡಿಲ್ಲ ಎಂಬ ಸಂಕಟ ನನ್ನದು.

ಇದು ಹಣೆಬರಹವೇನಲ್ಲ. ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಎಐ ನೆರವು ಸಿಕ್ಕವರು ಗಂಟೆಗೆ ಸರಾಸರಿ ಶೇ 14ರಷ್ಟು ಹೆಚ್ಚು ದೂರುಗಳನ್ನು ಬಗೆಹರಿಸಿದರು. ಹೊಸಬರಲ್ಲಿ ಈ ಏರಿಕೆ ಶೇ 34. ನುರಿತವರಿಗೆ ಅದರಿಂದ ಹೆಚ್ಚೇನೂ ಲಾಭವಾಗಲಿಲ್ಲ. ಅಂದರೆ ಹೊಸಬರನ್ನು ಬೇಗ ಪಳಗಿಸಲು ಬಳಸಬಹುದಾದ ಸಾಧನವನ್ನೇ ಹೊಸಬರು ಬೇಡ ಎನ್ನಲೂ ಬಳಸಬಹುದು. ಆಯ್ಕೆ ಮಾಡುವವರು ಮನುಷ್ಯರು. 2023ರಲ್ಲಿ ಹಾಲಿವುಡ್‌ನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿ, ಎಐ ಬಳಸಲೇಬೇಕೆಂದು ಕಂಪನಿಗಳು ಲೇಖಕರನ್ನು ಒತ್ತಾಯಿಸುವಂತಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಂಡರು.

ಇನ್ನು ನಿಮ್ಮ ವಿಷಯ. ಸುರಕ್ಷಿತ ಉದ್ಯೋಗಗಳ ಪಟ್ಟಿ ನಾನು ಕೊಡುವುದಿಲ್ಲ. ಕೋಡಿಂಗ್ ಕಲಿತರೆ ಜೀವನಪೂರ್ತಿ ಭದ್ರ ಎಂಬ ಸಲಹೆ ಕೇಳಿಬರುತ್ತಿದ್ದುದು ತೀರಾ ಇತ್ತೀಚಿನವರೆಗೆ. ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಎಐ ಬಳಸುವುದನ್ನು ಕಲಿಯಿರಿ, ಆದರೆ ನಿಮ್ಮ ವಿಷಯದ ಮೂಲ ಕೆಲಸವನ್ನು ಮೊದಲು ಅದರ ನೆರವಿಲ್ಲದೆ ಮಾಡಿ ಕಲಿಯಿರಿ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಹೆಣೆದುಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕೆ 5,000 ಡಾಲರ್ ದಂಡ ವಿಧಿಸಲಾಯಿತು. ಉತ್ತರ ತಪ್ಪಾಗಿದೆ ಎಂದು ಹಿಡಿಯಬಲ್ಲವರಿಗೆ ಬೇಡಿಕೆ ಇದ್ದೇ ಇರುತ್ತದೆ, ಹಿಡಿಯಲು ವಿಷಯ ಗೊತ್ತಿರಬೇಕು.

ಮೊದಲ ಕೆಲಸ ಆರಿಸುವಾಗ ಸಂಬಳದಷ್ಟೇ ಗಮನವನ್ನು ಅಲ್ಲಿನ ಕಲಿಕೆಗೂ ಕೊಡಿ. ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳಬೇಕೇ’ ಎನ್ನುತ್ತಾರಲ್ಲ, ಆಗ ಇವನ್ನು ಕೇಳಿ: ನನ್ನ ಕೆಲಸವನ್ನು ತಿದ್ದುವವರು ಯಾರು? ಎಷ್ಟು ತಿಂಗಳಲ್ಲಿ ಗ್ರಾಹಕರ ಜೊತೆ ನೇರವಾಗಿ ವ್ಯವಹರಿಸಲು ಬಿಡುತ್ತೀರಿ? ಕಳೆದ ವರ್ಷ ಸೇರಿದ ಹೊಸಬರು ಈಗ ಏನು ಮಾಡುತ್ತಿದ್ದಾರೆ?