ತೇವಾಂಶ ಸೆನ್ಸರ್ ಕಂಪ್ಯೂಟರ್‌ಗೆ ಜೋಡಿಸುವುದು: ಅಂಕಿಯನ್ನು ನಂಬುವ ಮುಂಚೆ

ಡಿಎಚ್‌ಟಿ22 ಎಂಬ ಬಿಳಿ ಸೆನ್ಸರ್ ತೇವಾಂಶ, ತಾಪಮಾನ ಎರಡನ್ನೂ ಅಳೆಯುತ್ತದೆ. ಜೋಡಿಸಲು ಮೂರು ವೈರ್, ಓದಲು ಒಂದು ಲೈಬ್ರರಿ (ಸಿದ್ಧ ಕೋಡ್) ಸಾಕು. ಪರದೆ ಮೇಲೆ ಅಂಕಿ ಬಂದ ಕೂಡಲೇ ಕೆಲಸ ಮುಗಿಯಿತು ಅನಿಸುತ್ತದೆ, ಅಲ್ವಾ? ಆದರೆ ಆ ಅಂಕಿ ಕೋಣೆಯ ಗಾಳಿಯದ್ದೋ ಅಥವಾ ಪಕ್ಕದ ಬೋರ್ಡಿನ ಬಿಸಿಯದ್ದೋ ಎಂದು ನೋಡುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ವೈರಿಂಗ್. ಸಾಮಾನ್ಯ ಕಂಪ್ಯೂಟರ್‌ನಲ್ಲಿ ಸೆನ್ಸರ್ ನೇರವಾಗಿ ಸಿಕ್ಕಿಸಲು ಪಿನ್‌ಗಳಿಲ್ಲ. ಹಾಗಾಗಿ ನಡುವೆ ಆರ್ಡುಯಿನೋ ಊನೋ ಥರದ, ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಬೋರ್ಡ್ ಇಟ್ಟು, ಅಲ್ಲಿಂದ ಯುಎಸ್‌ಬಿ ಕೇಬಲ್ ಎಳೆಯಬೇಕು. ಸೆನ್ಸರ್‌ನ ಜಾಲರಿ ನಿಮ್ಮ ಕಡೆ ಇದ್ದಾಗ ಎಡದಿಂದ ಮೊದಲ ಕಾಲು ವಿದ್ಯುತ್‌ಗೆ, ಎರಡನೆಯದು ಡೇಟಾಕ್ಕೆ, ಮೂರನೆಯದಕ್ಕೆ ಕೆಲಸವಿಲ್ಲ, ನಾಲ್ಕನೆಯದು ಗ್ರೌಂಡ್‌ಗೆ. ಡೇಟಾ ಮತ್ತು ವಿದ್ಯುತ್ ಕಾಲುಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಮೂರು ಕಾಲಿನ ಮಾಡ್ಯೂಲ್ ಆದರೆ ರೆಸಿಸ್ಟರ್ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಆದರೆ ಕಾಲುಗಳ ಕ್ರಮ ಬೇರೆ ಬೇರೆ. ಮೇಲೆ ಅಚ್ಚಾಗಿರುವುದನ್ನು ಓದಿಯೇ ಜೋಡಿಸಿ.

ರಾಸ್‌ಬೆರಿ ಪೈ (ಪಿನ್‌ಗಳಿರುವ ಪುಟ್ಟ ಕಂಪ್ಯೂಟರ್) ಇದ್ದರೆ ನಡುವಿನ ಬೋರ್ಡ್ ಬೇಡ. ಆದರೆ ಸೆನ್ಸರ್‌ಗೆ 3.3 ವೋಲ್ಟ್ ಮಾತ್ರ ಕೊಡಿ. 5 ವೋಲ್ಟ್ ಕೊಟ್ಟರೆ ರೆಸಿಸ್ಟರ್ ಮೂಲಕ ಡೇಟಾ ಪಿನ್‌ಗೂ 5 ವೋಲ್ಟ್ ಬರುತ್ತದೆ. ಪೈ ಪಿನ್‌ಗಳು ಅದನ್ನು ತಡೆದುಕೊಳ್ಳುವುದಿಲ್ಲ.

ಸೆನ್ಸರ್ ಒಂದು ಸಲಕ್ಕೆ 40 ಬಿಟ್ ಕಳಿಸುತ್ತದೆ: ತೇವಾಂಶಕ್ಕೆ 16, ತಾಪಮಾನಕ್ಕೆ 16, ತಾಳೆ ನೋಡಲು 8. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಬರೀ ಸಮಯದ್ದು. ಡೇಟಾ ಲೈನ್‌ನ ವೋಲ್ಟೇಜ್ ಸುಮಾರು 27 ಮೈಕ್ರೋಸೆಕೆಂಡ್ ಕಾಲ ಎತ್ತರದಲ್ಲಿದ್ದರೆ ಸೊನ್ನೆ, 70 ಇದ್ದರೆ ಒಂದು. ಪೈಯನ್ನು ನಡೆಸುವ ಲಿನಕ್ಸ್ ಆ ಕ್ಷಣದಲ್ಲೇ ಬೇರೆ ಕೆಲಸಕ್ಕೆ ಹೊರಳಿದರೆ ಎಣಿಕೆ ತಪ್ಪುತ್ತದೆ. ಪೈನಲ್ಲಿ ಆಗಾಗ ಎರರ್ ಬರುವುದಕ್ಕೆ ಇದೇ ಕಾರಣ. ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎರಡು ಸೆಕೆಂಡ್ ಬಿಟ್ಟು ಮತ್ತೆ ಓದಿ. ಅದಕ್ಕಿಂತ ಬೇಗ ಓದಲು ಈ ಸೆನ್ಸರ್ ಬಿಡುವುದೂ ಇಲ್ಲ.

ತಾಳೆ ಹೇಗೆ? ಬಂದ ಬೈಟ್‌ಗಳು (8 ಬಿಟ್‌ನ ಒಂದೊಂದು ತುಂಡು) 2, 71, 1, 18, 92 ಎಂದುಕೊಳ್ಳಿ. 2×256+71 ಅಂದರೆ 583, ಹತ್ತರಿಂದ ಭಾಗಿಸಿದರೆ ತೇವಾಂಶ 58.3%. 1×256+18 ಅಂದರೆ 274, ತಾಪಮಾನ 27.4 ಡಿಗ್ರಿ. ಮೊದಲ ನಾಲ್ಕನ್ನು ಕೂಡಿದರೆ 92, ಕೊನೆಯ ಬೈಟ್ ಕೂಡ 92. ಸರಿ ಹೊಂದಿತು. ಮೊತ್ತ 255 ದಾಟಿದರೆ ಕೆಳಗಿನ 8 ಬಿಟ್ ಮಾತ್ರ ನೋಡಬೇಕು. ಲೈಬ್ರರಿ ಇದನ್ನೆಲ್ಲ ತಾನೇ ಮಾಡುತ್ತದೆ. ಆದರೂ ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿ, ಒಳಗೆ ಏನು ನಡೆಯುತ್ತದೆ ಎಂಬುದು ಚೆನ್ನಾಗಿ ಕೂರುತ್ತದೆ.

ಆರ್ಡುಯಿನೋದಿಂದ ಕಂಪ್ಯೂಟರ್‌ಗೆ ಬರುವ ದಾರಿಯಲ್ಲಿ ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಎರಡೂ ಕಡೆ ಒಂದೇ ಇರಲಿ, 9600 ಸಾಕು. ಆರ್ಡುಯಿನೋ ಸಾಫ್ಟ್‌ವೇರ್‌ನ ಸೀರಿಯಲ್ ಮಾನಿಟರ್ (ಬಂದ ಸಾಲುಗಳನ್ನು ತೋರಿಸುವ ಕಿಟಕಿ) ತೆರೆದೇ ಇದ್ದರೆ ನಿಮ್ಮ ಪೈಥಾನ್ ಪ್ರೋಗ್ರಾಂಗೆ ಪೋರ್ಟ್ ಸಿಗದೇ ಹೋಗಬಹುದು, ಮುಚ್ಚಿಬಿಡಿ. ಪೋರ್ಟ್ ತೆರೆದಾಗ ಊನೋ ರೀಸೆಟ್ ಆಗುತ್ತದೆ. ಅದಕ್ಕೆ ಎರಡು ಸೆಕೆಂಡ್ ಕಾದು, ಮೊದಲ ಸಾಲನ್ನು ಬಿಟ್ಟು ಓದಿ.

ಈಗ ಮುಖ್ಯ ವಿಷಯ. ಸೆನ್ಸರ್ ತೋರಿಸುವುದು ಸಾಪೇಕ್ಷ ತೇವಾಂಶ. ಅಂದರೆ ಆ ತಾಪಮಾನದಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬುದು. ಆ ಗರಿಷ್ಠ ಒತ್ತಡ 25 ಡಿಗ್ರಿಯಲ್ಲಿ ಸುಮಾರು 3.17 ಕಿಲೋಪಾಸ್ಕಲ್, 30 ಡಿಗ್ರಿಯಲ್ಲಿ 4.25. ಕೋಣೆ 25 ಡಿಗ್ರಿ, ತೇವಾಂಶ 60% ಇದೆ ಎನ್ನಿ. ಸೆನ್ಸರ್ ಬೋರ್ಡ್‌ಗೆ ಅಂಟಿಕೊಂಡು 30 ಡಿಗ್ರಿಗೆ ಬಿಸಿಯಾದರೆ ಅದು 45% ತೋರಿಸುತ್ತದೆ. ಗಾಳಿಯಲ್ಲಿ ಒಂದು ಹನಿಯೂ ಕಡಿಮೆಯಾಗಿಲ್ಲ! ಸೆನ್ಸರ್ ಸುಳ್ಳೂ ಹೇಳುತ್ತಿಲ್ಲ. ಅದು ತನ್ನ ಸುತ್ತಲಿನ ಬಿಸಿ ಗಾಳಿಯ ಲೆಕ್ಕ ಕೊಡುತ್ತಿದೆ. ಹಾಗಾಗಿ ಅರ್ಧ ಮೀಟರ್ ವೈರ್ ಬಿಟ್ಟು, ಕಂಪ್ಯೂಟರ್‌ನ ಮೇಲಲ್ಲ, ಪಕ್ಕಕ್ಕೆ ದೂರ ಇಡಿ. ಬಿಸಿಲು ನೇರ ಬೀಳಬಾರದು.

ಎರಡು ಸೆನ್ಸರ್ ಬೇರೆ ಬೇರೆ ತೇವಾಂಶ ತೋರಿಸಿದರೆ ಇಬ್ಬನಿ ಬಿಂದು ಲೆಕ್ಕ ಹಾಕಿ. ಗಾಳಿ ತಣಿದಾಗ ನೀರಾವಿ ಹನಿಯಾಗಲು ಶುರುವಾಗುವ ತಾಪಮಾನ ಅದು, ಗಾಳಿ ಬರೀ ಬಿಸಿಯಾದರೆ ಬದಲಾಗುವುದಿಲ್ಲ. ತೇವಾಂಶವನ್ನು ನೂರರಿಂದ ಭಾಗಿಸಿ ಅದರ ಸ್ವಾಭಾವಿಕ ಲಾಗರಿದಂ ತೆಗೆದುಕೊಳ್ಳಿ. 17.62ನ್ನು ತಾಪಮಾನದಿಂದ ಗುಣಿಸಿ, ತಾಪಮಾನಕ್ಕೆ 243.12 ಕೂಡಿದ ಮೊತ್ತದಿಂದ ಭಾಗಿಸಿ. ಈ ಎರಡನ್ನೂ ಕೂಡಿದರೆ ಗ. ಕೊನೆಗೆ 243.12 × ಗ ÷ (17.62 − ಗ). ಮೇಲಿನ ಉದಾಹರಣೆಯ ಎರಡೂ ಜೋಡಿಗೆ ಉತ್ತರ ಸುಮಾರು 16.7 ಡಿಗ್ರಿ. ಇಬ್ಬನಿ ಬಿಂದು ಒಂದೇ ಬಂದರೆ ವ್ಯತ್ಯಾಸ ಬಿಸಿಯದ್ದು. ಬೇರೆ ಬಂದರೆ ಮಾತ್ರ ಸೆನ್ಸರ್ ಮೇಲೆ ಅನುಮಾನ ಪಡಿ. ಈ ಲೆಕ್ಕ ನನಗೆ ತುಂಬ ಇಷ್ಟ, ಹೊಸ ಉಪಕರಣ ಏನೂ ಬೇಡ.

ಅನುಮಾನ ಬಂದರೆ ಉಪ್ಪಿನ ಪರೀಕ್ಷೆ ಇದೆ. ಚಿಕ್ಕ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟೇ ನೆನೆಯುವಂತೆ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸೆನ್ಸರ್ ಜೊತೆ ಇಟ್ಟು ರಾತ್ರಿಯಿಡೀ ಬಿಡಿ, ಉಪ್ಪು ಸೆನ್ಸರ್‌ಗೆ ತಾಗದಿರಲಿ. 25 ಡಿಗ್ರಿಯಲ್ಲಿ ಒಳಗಿನ ತೇವಾಂಶ 75% ಹತ್ತಿರ ನಿಲ್ಲುತ್ತದೆ. 73 ಅಥವಾ 77 ಬಂದರೆ ಅದು ಈ ಸೆನ್ಸರ್‌ನ ಮಿತಿಯೊಳಗೇ ಇದೆ. 68 ಬಂದರೆ ಪ್ರೋಗ್ರಾಂನಲ್ಲಿ ಸುಮ್ನೆ 7 ಕೂಡಿಸಬೇಡಿ, ಬೇರೆ ತೇವಾಂಶದಲ್ಲಿ ತಪ್ಪು ಬೇರೆ ಇರಬಹುದು. ಮೆಗ್ನೀಸಿಯಂ ಕ್ಲೋರೈಡ್‌ನಿಂದ 33% ಹತ್ತಿರ ಇನ್ನೊಂದು ಬಿಂದು ಸಿಗುತ್ತದೆ. ಎರಡನ್ನೂ ನೋಡಿದ ಮೇಲೆ ತಿದ್ದುಪಡಿ ಹಾಕಿ.