ಸೆಕೆ ಯಾರಿಗೆ ಎಷ್ಟು?

ಏಪ್ರಿಲ್ ಮಧ್ಯಾಹ್ನ, ಕಲಬುರಗಿ ಕಡೆಯ ಕಾಲೇಜೊಂದರ ಮೇಲಿನ ಮಹಡಿ. ಮೇಲೆ ಕಾದ ಆರ್‌ಸಿಸಿ ಚಾವಣಿ, ಕೆಳಗೆ ಅರವತ್ತು ಹುಡುಗ ಹುಡುಗಿಯರು. ಒಬ್ಬ ನೋಟ್‌ಬುಕ್ಕಲ್ಲೇ ಗಾಳಿ ಬೀಸಿಕೊಳ್ಳುತ್ತ 'ಸರ್, ಬೆಂದು ಹೋದ್ವಿ' ಅನ್ನುತ್ತಾನೆ. ಪಕ್ಕದವನು ಸುಮ್ನೆ ಬರೆಯುತ್ತಿದ್ದಾನೆ. ಇಬ್ಬರೂ ಅದೇ ಬೆಂಚು, ಅದೇ ಫ್ಯಾನು.

ಡೆನ್ಮಾರ್ಕಿನ ಸಂಶೋಧಕ ಓಲೆ ಫಾಂಗರ್ 1970ರಲ್ಲಿ ಬರೆದ ಪುಸ್ತಕದಲ್ಲಿ ಸೆಕೆ-ಚಳಿಗೆ ಒಂದು ಲೆಕ್ಕ ಕೊಟ್ಟರು. ಗಾಳಿಯ ಬಿಸಿ, ಗೋಡೆ-ಚಾವಣಿಯಿಂದ ಹೊಡೆಯುವ ಝಳ, ತೇವ, ಗಾಳಿಯ ವೇಗ, ಮೈಮೇಲಿನ ಬಟ್ಟೆ, ಮಾಡುತ್ತಿರುವ ಕೆಲಸ, ಈ ಆರು ಗೊತ್ತಾದರೆ ಸಾಕು, ಜನರಿಗೆ ಹೇಗನಿಸುತ್ತೆ ಅಂತ ಅಂದಾಜು ಮಾಡಬಹುದು. ಲೆಕ್ಕ ಚೆನ್ನಾಗೇ ಇದೆ. ಆದರೆ ನೀವು ಬೆಳಗ್ಗೆ ಎದ್ದು ಬಂದದ್ದು ಏಸಿ ರೂಮಿಂದಲೋ ತಗಡಿನ ಶೀಟಿನ ಮನೆಯಿಂದಲೋ ಅನ್ನೋದು ಅದರಲ್ಲಿಲ್ಲ.

ಇಲ್ಲೇ ಪಕ್ಕದ ಹೈದರಾಬಾದಿನಲ್ಲಿ 2008ರ ಬೇಸಿಗೆ ಮತ್ತು ಮಳೆಗಾಲದಲ್ಲಿ ಸಂಶೋಧಕಿ ಮಾಧವಿ ಇಂದ್ರಗಂಟಿ ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ಜನರನ್ನೇ ಕೇಳಿದರು. ಒಟ್ಟಾರೆ ಹಿತ ಅನಿಸಿದ್ದು ಸುಮಾರು 29 ಡಿಗ್ರಿ. ಆದಾಯ ಎಲ್ಲಕ್ಕಿಂತ ಕಡಿಮೆ ಇದ್ದವರಿಗೆ ಅದು 30.2, ಅವರು 33ರ ತನಕ 'ಪರವಾಗಿಲ್ಲ' ಅಂದರು. ನಮ್ಮಲ್ಲಿ 2020ರಿಂದ ತಯಾರಾಗುವ ರೂಮ್ ಏಸಿಗಳು ಆನ್ ಮಾಡಿದಾಗ ತಾವಾಗಿ ಸೆಟ್ ಆಗೋದು 24 ಡಿಗ್ರಿಗೆ!

ಅದು ಮನೆಗಳ ಮಾತು, ಕ್ಲಾಸ್‌ರೂಮಿನದಲ್ಲ, ನಿಜ. ಆದರೆ ಮೈ ಅದೇ ಅಲ್ವಾ? ಬಿಸಿಲಲ್ಲಿ ಒಂದೆರಡು ವಾರ ಕಳೆದ ಮೈ ಬೇಗ ಬೆವರುತ್ತೆ, ಜಾಸ್ತಿ ಬೆವರುತ್ತೆ, ಹಾಗೆ ತನ್ನನ್ನು ತಣ್ಣಗಿಟ್ಟುಕೊಳ್ಳುತ್ತೆ. ಮನಸ್ಸೂ ಒಗ್ಗುತ್ತೆ: ಮನೆಯಲ್ಲಿ ಫ್ಯಾನೂ ಸರಿಯಾಗಿ ತಿರುಗದವನಿಗೆ ಕ್ಲಾಸ್‌ರೂಮೇ ಆರಾಮ, ಏಸಿ ಬಿಟ್ಟು ಬಂದವನಿಗೆ ಅದೇ ಜೈಲು.

ನನಗೆ ಸಿಟ್ಟು ಬರುವುದು ಮುಂದಿನ ಮಾತಿಗೆ. 'ಅವರಿಗೆಲ್ಲ ಅಭ್ಯಾಸ ಇದೆ ಬಿಡಿ' ಅಂತ ಚಾವಣಿಗೆ ಒಂದು ಕೋಟ್ ಬಿಳಿ ಬಣ್ಣ ಹೊಡೆಸುವುದಿಲ್ಲ, ಕೆಟ್ಟ ಫ್ಯಾನು ರಿಪೇರಿ ಆಗುವುದಿಲ್ಲ. ಒಗ್ಗಿಕೊಳ್ಳೋದು ಬೇರೆ, ಬಿಸಿ ತಾಗದೇ ಇರೋದು ಬೇರೆ. ಏನೂ ಕೇಳದೆ ಬರೆಯುತ್ತಿದ್ದ ಆ ಹುಡುಗನ ಹತ್ತಿರ ಹೋಗಿ ನೋಡಿದೆ. ಮುಂಗೈ ಕೆಳಗೆ ಕರ್ಚೀಫು ಮಡಚಿ ಇಟ್ಟುಕೊಂಡಿದ್ದ. ಯಾಕೋ ಅಂದೆ. 'ಬೆವರಿಗೆ ಹಾಳೆ ಒದ್ದೆಯಾಗುತ್ತೆ ಸರ್, ಇಂಕು ಹರಡುತ್ತೆ' ಅಂದ.