ಹೊರಗೆ ಕಳಿಸಿದ್ದು ಶಿಕ್ಷೆಯೋ, ಬಹುಮಾನವೋ?

ಟೀಚರ್‌ಗಳು ಮಕ್ಕಳ ನಡವಳಿಕೆ ನೋಡುವುದೇ ಕೆಲಸವಾದ ನನ್ನ ಹತ್ತಿರ ಬಂದಾಗ ಶುರುವಾಗುವ ಮಾತು ಹೆಚ್ಚುಕಡಿಮೆ ಒಂದೇ. "ಈ ಹುಡುಗನಿಗೆ ಏನಾದ್ರೂ ಮಾಡಿ, ಕ್ಲಾಸ್ ನಡೆಸೋಕೇ ಬಿಡಲ್ಲ." ಏನು ಮಾಡ್ತಾನೆ ಅಂತ ಕೇಳಿದರೆ, "ತುಂಬಾ ತಂಟೆ, ಹೇಳಿದ ಮಾತು ಕೇಳಲ್ಲ, ಬೇಕು ಅಂತಲೇ ಮಾಡ್ತಾನೆ." ಅವರ ಸಂಕಟ ಅರ್ಥವಾಗುತ್ತದೆ. ಆದರೆ ಇಷ್ಟರಲ್ಲಿ ನನ್ನ ಕೆಲಸಕ್ಕೆ ಬರುವ ಒಂದು ಪದವೂ ಇಲ್ಲ. ತಂಟೆ ಅಂದರೆ ಪಕ್ಕದವನನ್ನು ಚಿವುಟುತ್ತಾನಾ, ಜಾಗ ಬಿಟ್ಟು ಓಡಾಡುತ್ತಾನಾ, ಪುಸ್ತಕವನ್ನೇ ತೆಗೆಯಲ್ವಾ? ಬೇರೆ ಯಾರೋ ಬಂದು ಹಿಂದಿನ ಬೆಂಚಿನಲ್ಲಿ ಕೂತರೂ ಅದನ್ನೇ ನೋಡಿ ಅದನ್ನೇ ಎಣಿಸುವ ಹಾಗೆ ಹೇಳಬೇಕು. 'ಸೊಕ್ಕು' ಅನ್ನುವುದನ್ನು ಎಣಿಸಲು ಆಗಲ್ಲ. 'ಪಾಠದ ನಡುವೆ ಎದ್ದು ಬಾಗಿಲಿಗೆ ಹೋಗುತ್ತಾನೆ' ಅನ್ನುವುದನ್ನು ಎಣಿಸಬಹುದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಾಲ್ಕನೇ ಕ್ಲಾಸು. ಲೆಕ್ಕದ ಪೀರಿಯಡ್‌ನಲ್ಲಿ ವಾರಕ್ಕೆ ಮೂರು ಸಲವಾದರೂ ಹೊರಗೆ ನಿಲ್ಲುತ್ತಿದ್ದ. ನಾನು ಮೂರು ದಿನ ಹಿಂದೆ ಕೂತು ನೋಡಿದೆ. ಹಾಳೆಯಲ್ಲಿ ಮೂರು ಅಂಕಣ: ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ನಮ್ಮ ಕೆಲಸದಲ್ಲಿ ಇದಕ್ಕೆ ಎಬಿಸಿ ಅಂತಾರೆ, ಈ ಮೂರರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳು. ಹೆಸರು ಏನಾದರೂ ಇರಲಿ, ಗುಟ್ಟೆಲ್ಲ ಇರುವುದು ಮೊದಲನೇ ಮತ್ತು ಮೂರನೇ ಅಂಕಣದಲ್ಲಿ. ಶಾಲೆಯ ದೂರಿನ ಪುಸ್ತಕದಲ್ಲಿ ಮಾತ್ರ ಸಾಮಾನ್ಯವಾಗಿ ನಡುವಿನದೊಂದೇ ಇರುತ್ತದೆ.

ಚಿತ್ರ ಬಿಡಿಸುವಾಗ ಏನೂ ಇಲ್ಲ. ಕಥೆ ಕೇಳುವಾಗ ಬಾಯಿ ತೆರೆದುಕೊಂಡು ಕೂತಿದ್ದ. ಲೆಕ್ಕದಲ್ಲೂ ಬಾಯಿಲೆಕ್ಕಕ್ಕೆ ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಾನೆ! ಟೀಚರ್ ಬೋರ್ಡಿನ ಕಡೆ ತಿರುಗಿ ಮೂರು ಸಾಲಿನ ವಾಕ್ಯದ ಲೆಕ್ಕ ಬರೆದರು ನೋಡಿ, ಆಗ ಶುರು. ಮೊದಲು ರಬ್ಬರ್ ಹುಡುಕಿದ. ಆಮೇಲೆ ಜಾಮಿಟ್ರಿ ಬಾಕ್ಸಿನ ಮುಚ್ಚಳ ಟಕ್ ಟಕ್ ಅಂತ ತೆಗೆದು ಹಾಕಿದ. "ಸುಮ್ನಿರು" ಅಂದರು, ಇನ್ನೊಂದು ಸಲ ಅಂದರು. ಪಕ್ಕದವನ ಪೆನ್ಸಿಲ್ ಹಾರಿ ಮುಂದಿನ ಬೆಂಚಿಗೆ ಬಿತ್ತು. "ಎದ್ದು ಆಚೆ ನಿಲ್ಲು." ಅವನು ಹೋಗುವಾಗ ನಾನು ಮುಖ ನೋಡಿದೆ. ಬೇಜಾರು ಇರಲಿಲ್ಲ, ಹೆಗಲು ಹಗುರವಾಗಿತ್ತು.

ಮೂರು ದಿನವೂ ಇದೇ ಕ್ರಮ. ಅಂದರೆ ಟೀಚರ್ ಶಿಕ್ಷೆ ಅಂದುಕೊಂಡು ಕೊಟ್ಟದ್ದು ಅವನಿಗೆ ಬಿಡುಗಡೆಯಾಗಿತ್ತು. ಪೆನ್ಸಿಲ್ ಎಸೆದರೆ ಆ ಲೆಕ್ಕ ಮಾಡಬೇಕಾಗಿಲ್ಲ ಅಂತ ನಾವೇ ಅವನಿಗೆ ಕಲಿಸಿಬಿಟ್ಟಿದ್ದೆವು, ಪ್ರತಿ ವಾರ, ತಪ್ಪದೆ.

ಇದು ಊಹೆ ತಾನೇ, ಅಂತ ನೀವು ಕೇಳಬಹುದು. ಹೌದು, ಅದಕ್ಕೇ ಪರೀಕ್ಷೆ ಮಾಡಿ ನೋಡಬೇಕು. ಮಾರನೇ ದಿನ ಅದೇ ಥರದ ಲೆಕ್ಕವನ್ನು ನಾನು ಅವನ ಪಕ್ಕ ಕೂತು ಓದಿ ಹೇಳಿದೆ. ಮಾಡಿದ. ಇನ್ನೊಂದನ್ನು ಅವನೇ ಓದಲಿ ಅಂತ ಬಿಟ್ಟೆ. ರಬ್ಬರ್ ಹುಡುಕಲು ಶುರು ಮಾಡಿದ. ಭಾಗಾಕಾರ ಬರುತ್ತಿತ್ತು, ಓದಲು ಕಷ್ಟವಾಗುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಎಲ್ಲರ ಮುಂದೆ 'ನನಗೆ ಓದಲು ಬರಲ್ಲ' ಅನ್ನುವುದಕ್ಕಿಂತ ತುಂಟ ಅನ್ನಿಸಿಕೊಳ್ಳುವುದೇ ವಾಸಿ, ಅಲ್ವಾ?

ಎಲ್ಲ ಮಕ್ಕಳೂ ತಪ್ಪಿಸಿಕೊಳ್ಳಲು ಮಾಡುವುದಿಲ್ಲ. ಕೆಲವರಿಗೆ ಬೇಕಾದ ವಸ್ತು ಸಿಗುತ್ತದೆ. ಕೆಲವರಿಗೆ ಕಾಲು ಅಲ್ಲಾಡಿಸುವುದೇ, ಗುನುಗುವುದೇ ಹಿತ. ಬಹಳಷ್ಟು ಮಕ್ಕಳಿಗೆ ಗಮನ ಬೇಕು, ಬೈಗುಳವಾದರೂ ಪರವಾಗಿಲ್ಲ. ಇದು ಹೊಸ ಮಾತಲ್ಲ. ಅಮೆರಿಕದ ಸಂಶೋಧಕ ವ್ಯಾನ್ಸ್ ಹಾಲ್ ಮತ್ತು ಸಂಗಡಿಗರು 1968ರಲ್ಲೇ ತರಗತಿಯೊಳಗೆ ಇದನ್ನು ತೋರಿಸಿದ್ದರು. ಮಗು ಓದುತ್ತಿರುವಾಗ ಟೀಚರ್ ಹತ್ತಿರ ಹೋಗಿ ಮಾತಾಡಿಸಿದರೆ ಓದು ಹೆಚ್ಚಿತು. ಅದೇ ಗಮನವನ್ನು ಓದದೆ ಇರುವಾಗ ಕೊಟ್ಟಾಗ ಓದು ಇಳಿಯಿತು. ನಾವು ದಿನವೂ ಮಾಡುವುದು ಎರಡನೆಯದನ್ನೇ. ಸುಮ್ಮನೆ ಬರೆಯುತ್ತಿರುವವನ ಪಕ್ಕ ಹಾದುಹೋಗುತ್ತೇವೆ, ಗಲಾಟೆ ಮಾಡಿದವನ ಹತ್ತಿರ ನಿಲ್ಲುತ್ತೇವೆ.

ಗಮನಕ್ಕಾಗಿ ಕೂಗುವ ಹುಡುಗಿಯೊಬ್ಬಳನ್ನು ಕಂಡೂ ಕಾಣದ ಹಾಗೆ ಇರಿ ಅಂತ ಹೇಳಿದರೆ, ನಾಲ್ಕನೇ ದಿನಕ್ಕೆ ಫೋನ್ ಬರುತ್ತದೆ: "ಜಾಸ್ತಿ ಆಗಿದೆ!" ಬಹಳ ಸಲ ಹಾಗೆ ಆಗುತ್ತದೆ. ಇಷ್ಟು ದಿನ ಕೂಗಿದರೆ ಸಿಗುತ್ತಿದ್ದದ್ದು ಈಗ ಸಿಗಲಿಲ್ಲ ಅಂದರೆ ಮೊದಲು ಜೋರಾಗಿ ಕೂಗಿ ನೋಡುತ್ತಾರೆ. ಕೆಟ್ಟುಹೋದ ಸ್ವಿಚ್ಚನ್ನು ನಾವು ಒತ್ತಿ ಒತ್ತಿ ನೋಡಲ್ವಾ, ಹಾಗೆ. ಆ ಹೊತ್ತಿಗೆ ಸಹನೆ ಕೆಟ್ಟು "ಏನೇ ನಿಂದು?" ಅಂದುಬಿಟ್ಟರೆ ಕಥೆ ಮುಗಿಯಿತು, ಇನ್ನು ಮೇಲೆ ಇಷ್ಟು ಜೋರಾಗಿ ಕೂಗಬೇಕು ಅಂತ ಅವಳು ಕಲಿತಳು. ಬರೀ ಕಡೆಗಣಿಸಿದರೂ ಸಾಲದು. ಕೈ ಎತ್ತಿದ ಕ್ಷಣ ಅವಳ ಹೆಸರು ಕರೆಯಬೇಕು, ಮೊದಮೊದಲು ಪ್ರತಿ ಸಲವೂ. ಅಂದಹಾಗೆ ಹೊಡೆಯುವುದು, ಕಚ್ಚುವುದು, ತನಗೇ ನೋವು ಮಾಡಿಕೊಳ್ಳುವುದು ಕಂಡರೆ ಈ ಕಡೆಗಣಿಸುವ ಮಾತು ನಡೆಯುವುದಿಲ್ಲ, ಮೊದಲು ತಡೆಯಿರಿ.

ಎಣಿಸಲು ದೊಡ್ಡ ಸಾಮಾನು ಬೇಡ. ಎಡ ಜೇಬಿನಲ್ಲಿ ಹತ್ತು ಪೇಪರ್ ಕ್ಲಿಪ್ ಇಟ್ಟುಕೊಳ್ಳಿ. ಕೂಗಿದಾಗಲೆಲ್ಲ ಒಂದು ಬಲ ಜೇಬಿಗೆ. ಏನನ್ನೂ ಬದಲಾಯಿಸುವ ಮೊದಲೇ ಒಂದು ವಾರ ಹೀಗೆ ಎಣಿಸಿ. ಇಲ್ಲದಿದ್ದರೆ ಆಮೇಲೆ ಕಡಿಮೆಯಾಯಿತಾ ಇಲ್ವಾ ಅನ್ನುವುದು ಆ ದಿನ ನಿಮ್ಮ ತಲೆನೋವು ಎಷ್ಟಿತ್ತು ಅನ್ನುವುದರ ಮೇಲೆ ನಿಂತುಬಿಡುತ್ತದೆ. ಅಳು ಅಥವಾ ಹಠವಾದರೆ ಎಷ್ಟು ಸಲ ಅನ್ನುವುದಕ್ಕಿಂತ ಎಷ್ಟು ನಿಮಿಷ ಅಂತ ಬರೆಯಿರಿ.

ಇನ್ನೊಂದು ಪ್ರಶ್ನೆ ನನಗೆ ವಾರಕ್ಕೊಮ್ಮೆ ಬರುತ್ತದೆ, "ಎಡಿಎಚ್‌ಡಿ ಇರಬಹುದಾ?" ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. ಇರಬಹುದು. ಆದರೆ ಆ ಹೆಸರು ಕೊಡಲು ಲಕ್ಷಣಗಳು ಆರು ತಿಂಗಳಾದರೂ ಇರಬೇಕು, 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಎರಡು ಕಡೆಯಾದರೂ ಇರಬೇಕು, ಶಾಲೆಯಲ್ಲೂ ಮನೆಯಲ್ಲೂ ಅನ್ನುವ ಹಾಗೆ. ಲೆಕ್ಕದ ಪೀರಿಯಡ್‌ನಲ್ಲಿ ಮಾತ್ರ ಬರುವ ತೊಂದರೆ ಕಂಡರೆ ನಾನು ಮೊದಲು ಲೆಕ್ಕದ ಪೀರಿಯಡ್ ನೋಡುತ್ತೇನೆ. ಕಣ್ಣು, ಕಿವಿ, ನಿದ್ದೆ ಇವನ್ನೂ ಕೇಳಲೇಬೇಕು. ಮಾತಿನ ನಡುವೆ ಕೆಲವು ಸೆಕೆಂಡು ನೆಟ್ಟ ನೋಟ ನೋಡಿ, ಕರೆದರೂ ಓಗೊಡದೆ, ಮತ್ತೆ ಏನೂ ಆಗದ ಹಾಗೆ ಮುಂದುವರಿಯುವ ಮಗುವನ್ನು 'ಕನಸು ಕಾಣ್ತಾಳೆ' ಅಂತ ಬಿಡಬೇಡಿ, ಅದು ಒಂದು ಬಗೆಯ ಫಿಟ್ಸ್ ಇರಬಹುದು, ಡಾಕ್ಟರ್ ನೋಡಬೇಕು. ಚೆನ್ನಾಗಿದ್ದ ಮಗು ದಿಢೀರನೆ ಬದಲಾದರೆ ಕ್ಲಿಪ್ಪು ಎಣಿಸುತ್ತಾ ಕೂರಬೇಡಿ. ಯಾರಾದರೂ ಆ ಮಗುವಿಗೆ ಕಿರುಕುಳ ಕೊಡುತ್ತಿರಬಹುದು.

ನಮ್ಮ ಹುಡುಗನಿಗೆ ಬಂದೆ. ಅವನಿಗೆ ಬೇಕಾದದ್ದು ಸಿಗಲು ಪೆನ್ಸಿಲ್ ಎಸೆಯುವುದಕ್ಕಿಂತ ಸುಲಭದ ದಾರಿ ಕೊಡಬೇಕಿತ್ತು. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಇಂಥದ್ದನ್ನೇ ತೋರಿಸಿದ್ದರು. ಕೆಲಸ ಕಷ್ಟವಾಗಿ ರಂಪ ಮಾಡುವ ಮಗುವಿಗೆ 'ನನಗೆ ಅರ್ಥವಾಗ್ತಿಲ್ಲ' ಅನ್ನಲು ಕಲಿಸಿದರೆ ರಂಪ ಇಳಿಯಿತು. ಗಮನ ಕೇಳುವ ಮಾತು ಕಲಿಸಿದಾಗ ಇಳಿಯಲಿಲ್ಲ. ಮಾತು ಕಾರಣಕ್ಕೆ ಹೊಂದಬೇಕು.

ಬಾಯಿಬಿಟ್ಟು ಕೇಳಲು ಅವನಿಗೆ ನಾಚಿಕೆ. ಹಾಗಾಗಿ ಒಂದು ಹಳದಿ ಚೀಟಿ ಕೊಟ್ಟೆವು. ಅದನ್ನು ಮೇಜಿನ ಮೂಲೆಯಲ್ಲಿಟ್ಟರೆ ಟೀಚರ್ ಓಡಾಡುತ್ತಾ ಬಂದು ಮೆಲ್ಲಗೆ ಲೆಕ್ಕ ಓದಿ ಹೇಳಬೇಕು, ಬೇರೇನೂ ಅನ್ನಬಾರದು. ಹೊರಗೆ ಕಳಿಸುವುದು ಬಂದ್. ಓದುವ ತೊಂದರೆ ಯಾಕೆ ಅಂತ ನೋಡಲು ಬೇರೆಯಾಗಿ ವ್ಯವಸ್ಥೆ ಮಾಡಿದೆವು, ಚೀಟಿಯಿಂದ ಓದು ಬರುವುದಿಲ್ಲವಲ್ಲ.

ಮೂರನೇ ವಾರ ಟೀಚರ್ ಸಿಕ್ಕರು. ಪೆನ್ಸಿಲ್ ಹಾರುವುದು ನಿಂತಿದೆಯಂತೆ. "ಆದ್ರೆ ಮೇಡಂ, ಈಗ ಚೀಟಿ ಮೇಜಿನಿಂದ ಇಳಿಯೋದೇ ಇಲ್ಲ," ಅಂದರು. ಸರಿ, ಮುಂದಿನ ವಾರದಿಂದ ಚೀಟಿ ಇಡುವ ಮುಂಚೆ ಓದಲು ಬಂದ ಪದಗಳ ಕೆಳಗೆ ಗೆರೆ ಎಳೆಯಬೇಕು ಅಂತ ಮಾಡಿದ್ದೇವೆ.